ಸುನಾಮಿಗೆ ಮನೆಮಂದಿಯೆಲ್ಲ ಬನ್ನಿ

ನಾಶಿಕ್‌ನಲ್ಲಿ ಸಮುದ್ರವಿಲ್ಲ. ಆದರೂ ದೇವಳಾಲಿ ಕ್ಯಾಂಪ್ ರಸ್ತೆಯ ನನ್ನ ಪುಟ್ಟ ಇಡ್ಲಿ ಹೋಟೆಲಿಗೆ ಅದು ಆಗಾಗ ಬಂದುಹೋಗುತ್ತದೆ. ಕುಂದಾಪುರದ ಕಡೆಯ ಕಡಲ ದಂಡೆಯಲ್ಲಿ ಹುಟ್ಟಿದ ಒಂದೇ ತಪ್ಪಿಗೆ ಇಂಥವೆಲ್ಲ ನನಗೇ ಗಂಟು ಬೀಳುತ್ತವೆ.

ಈಜು

ಬೀದರ್ ಕಡೆಯ ಬಟ್ಟೆ ವ್ಯಾಪಾರಿಯೊಬ್ಬರು ನನ್ನ ಕಾಯಂ ಗಿರಾಕಿ. ಒಮ್ಮೆ ಮನೆಮಂದಿಯನ್ನು ಕರೆದುಕೊಂಡು ಗೋವಾಕ್ಕೆ ಹೊರಟಾಗ ಸಲಹೆ ಕೇಳಲು ಬಂದರು.

“ಸಮುದ್ರದಾಗ ಈಸೋದು ಹ್ಯಾಂಗ್ರಿ ಅಣ್ಣಾರ? ಸ್ವಲ್ಪ ಹೇಳ್ರಿ.”

“ನನಗೆ ಈಜು ಬರಲ್ಲ.”

“ಅರೆ! ಮತ್ತ ಅಷ್ಟು ವರ್ಷ ದಂಡಿ ಮ್ಯಾಲ ಕುಂತು ಏನ್ ಮಾಡಿದ್ರಿ?”

“ನೀರಿಗೆ ಇಳೀಬೇಡ ಅಂತ ಬೈಸ್ಕೊಂಡೆ.”

ಮಾರುತಿಯ ಲೆಕ್ಕ

ಒಂದು ಬೇಸಿಗೆಯ ಬೆಳಿಗ್ಗೆ ಹೋಟೆಲಿನ ಟಿವಿ ಇದ್ದಕ್ಕಿದ್ದಂತೆ ಬೊಬ್ಬೆ ಹಾಕಿತು. ಅರಬ್ಬಿ ಸಮುದ್ರದಾಚೆ ಎಲ್ಲೋ ಭೂಕಂಪ, ಪಶ್ಚಿಮ ಕರಾವಳಿಗೆ ಸುನಾಮಿ ಎಚ್ಚರಿಕೆ. ಚಿಲ್ಲರೆ ಎಣಿಸುವುದನ್ನು ಬಿಟ್ಟು ಟಿವಿಯ ಮುಂದೆ ಓಡಿದೆ. ಊರಲ್ಲಿ ನನ್ನ ಅಕ್ಕನ ಮನೆ ಇರುವುದು ದಂಡೆಯ ಮೇಲೆಯೇ, ಅವಳ ಅಂಗಳದ ತೆಂಗಿನಕಾಯಿ ಉದುರಿದರೆ ಅಲೆ ಎತ್ತಿಕೊಂಡು ಹೋಗುತ್ತದೆ.

ಇಡ್ಲಿ ತಿನ್ನುತ್ತಿದ್ದ ಅದೇ ವ್ಯಾಪಾರಿ ಸಮಾಧಾನ ಮಾಡಿದರು. ಗೋದಾವರಿ ದಂಡೆಯಲ್ಲಿ ಎರಡು ಮುಖದ ದೊಡ್ಡ ಮಾರುತಿ ಇದ್ದಾನೆ. ನೆರೆ ಬಂದಾಗ ನೀರು ಅವನ ಮೈಮೇಲೆ ಎಲ್ಲಿಯವರೆಗೆ ಬಂತು ಎನ್ನುವುದೇ ನಾಶಿಕ್‌ನವರ ಲೆಕ್ಕ.

“ಅಂಜಬ್ಯಾಡ್ರಿ. ಈ ಸುನಾಮಿ ಎಲ್ಲಿ ತನಕ ಬರ್ತದಂತ? ಮಾರುತಿ ಮಣಕಾಲ ತನಕಾನೋ, ಸೊಂಟದ ತನಕಾನೋ?”

“ಅಲ್ಲಿ ಮಾರುತಿ ಇಲ್ಲ ಮಾರಾಯ್ರೇ!”

“ಇಲ್ಲ? ಮತ್ತ ನಿಮ್ಮ ಮಂದಿಗೆ ಮುಳುಗಿದ್ದು ಗೊತ್ತಾಗೋದು ಹ್ಯಾಂಗ್ರಿ?”

ದನಕ್ಕಿಲ್ಲದ ಮುಲಾಜು

ಅಕ್ಕನಿಗೆ ಫೋನ್ ಮಾಡಿದೆ. ಅವಳು ನೆಮ್ಮದಿಯಾಗಿ ಹಲಸಿನ ಬೀಜ ಸುಲಿಯುತ್ತಿದ್ದಳು.

“ಅಕ್ಕಾ, ಸುನಾಮಿಯಂತೆ!”

“ಹೌದಂಬ್ರು. ಮೊಬೈಲ್ ಕೂಗಿತ್ತು.”

“ಹಾಗಾದ್ರೆ ಗುಡ್ಡ ಹತ್ತು!”

“ಗುಡ್ಡದ ಮೇಲೆ ಇಪ್ಪುದು ಅವಳ ಮನೆ ಅಲ್ದಾ?”

ಅವಳು ಅಂದರೆ ಭಾವನ ತಮ್ಮನ ಹೆಂಡತಿ, ಅಕ್ಕನ ವಾರಗಿತ್ತಿ. ಹೊಸ ಮನೆಯ ಒಕ್ಕಲಿಗೆ, ಅಂದರೆ ಗೃಹಪ್ರವೇಶಕ್ಕೆ, ಆಕೆ ಖುದ್ದಾಗಿ ಬಂದು ಕರೆಯದೆ ಮೊಬೈಲಿನಲ್ಲಿ ಕಾರ್ಡ್ ಕಳಿಸಿದ್ದಳು. ಅವತ್ತಿನಿಂದ ಅಕ್ಕ ಗುಡ್ಡದ ಕಡೆ ಮುಖ ಹಾಕಿರಲಿಲ್ಲ.

“ಕರೀದೆ ಹ್ಯಾಂಗೆ ಹೋಪುದು ಮಾರಾಯಾ? ಮರ್ಯಾದೆ ಬೇಡದಾ?”

“ಭಾವ ಎಲ್ಲಿ?”

“ದನ ಹೊಡ್ಕಂಡು ಆಗಳೇ ಹತ್ತಿದ್ರು. ದನಕ್ಕೆ ಯಾರೂ ಕರೀಕಂದೇನಿಲ್ಲ.”

ಗೇಟ್ ತೆರೆದೇ ಇದೆ

ಅಕ್ಕನ ಕರೆಯನ್ನು ಹಾಗೇ ಇಟ್ಟುಕೊಂಡು ವ್ಯಾಪಾರಿಯ ಮೊಬೈಲಿನಿಂದ ವಾರಗಿತ್ತಿಗೆ ಫೋನ್ ಮಾಡಿದೆ.

“ನಾನ್ ಬಪ್ಪುದ್ ಬ್ಯಾಡ ಅಂದೆನಾ ಅಣ್ಣಾ? ಗೇಟ್ ತೆಗ್ದೇ ಇತ್ತು.”

“ಒಂದು ಮಾತು ಕರಿ ತಂಗಿ. ನಿನ್ನ ಕಾಲಿಗೆ ಬೀಳ್ತೆ.”

“ಕರೀಲಕ್ಕಿತ್ತು. ಅಕ್ಕ ನನ್ನ ನಂಬ್ರ ಬ್ಲಾಕ್ ಮಾಡಿ ಇಟ್ಟಿದ್ರಲೆ!”

ನನಗೆ ಅಳುವೇ ಬಂತು. ನಮ್ಮನ್ನೆಲ್ಲ ಎತ್ತಿ ಆಡಿಸಿದ ಅಕ್ಕ, ಒಂದು ಕರೆಗಾಗಿ ಕಡಲ ಬಾಯಲ್ಲಿ ಕೂತಿದ್ದಾಳೆ. ಅದನ್ನೇ ಹೇಳಿದೆ. ಆ ಕಡೆ ಫೋನ್ ಕಟ್ಟಾಯಿತು. ವ್ಯಾಪಾರಿ ನನ್ನ ಬೆನ್ನು ಸವರಿ ಹೇಳಿದರು: “ನಿಮ್ಮ ಊರಾಗ ಸುನಾಮಿನೂ ಕಾರ್ಡ್ ಹಂಚೇ ಬರಬೇಕಲ್ರಿ!”

ಕರೆ

ಸ್ವಲ್ಪ ಹೊತ್ತಿಗೆ ಅಕ್ಕನ ಫೋನಿನಲ್ಲಿ ಯಾರೋ ಏದುಸಿರು ಬಿಡುವುದು ಕೇಳಿಸಿತು. ಎಲ್ಲರೂ ಗುಡ್ಡ ಹತ್ತುತ್ತಿರುವಾಗ ವಾರಗಿತ್ತಿ ಒಬ್ಬಳೇ ಕುಂಕುಮದ ಭರಣಿ ಹಿಡಿದು ಇಳಿದು ಬಂದಿದ್ದಳು.

“ಅಕ್ಕಾ, ಇವತ್ತು ಸುನಾಮಿ ಬತ್ತಂಬ್ರು. ನೀವು ಮನೆಯವ್ರೆಲ್ಲ ಬಂದೇ ಬರ್ಕು. ಊಟಕ್ಕೂ ನಮ್ಮಲ್ಲೇ.”

ಅಕ್ಕ ಮೂಗೆಳೆಯುವ ಸದ್ದಾಯಿತು. ನನಗೂ ಕಣ್ಣು ಮಂಜಾಯಿತು. ಅಷ್ಟರಲ್ಲಿ ಅಕ್ಕ ಅಂದಳು: “ಬಂದದ್ದೇ ಬಂದೆ, ಕೂಕೋ. ಕಾಪಿ ಕುಡ್ದೇ ಹೋಪ.”

“ಕಾಫಿ ಬೇಡ! ಕಾಫಿ ಬೇಡ!” ಎಂದು ನಾನು ಗಲ್ಲಾದಲ್ಲಿ ಎದ್ದು ನಿಂತು ಕಿರುಚಿದೆ. ಹೋಟೆಲಿನಲ್ಲಿದ್ದ ಗಿರಾಕಿಗಳೆಲ್ಲ ತಮ್ಮ ಲೋಟ ಕೆಳಗಿಟ್ಟರು.

ಅಂತೂ ಇಬ್ಬರೂ ಗುಡ್ಡ ಹತ್ತಿದರು. ಮಧ್ಯಾಹ್ನದ ಹೊತ್ತಿಗೆ ಎಚ್ಚರಿಕೆ ವಾಪಸಾಯಿತು. ಕಡಲು ಇದ್ದಲ್ಲೇ ಇತ್ತು. ಇಳಿದು ಹೋಗಬಹುದು ಎಂದು ಹೇಳಲು ಫೋನ್ ಮಾಡಿದರೆ ಅಕ್ಕನಿಗೆ ಪುರುಸೊತ್ತಿಲ್ಲ, ಇಬ್ಬರೂ ಸೇರಿ ಪಾಯಸಕ್ಕೆ ಕಾಯಿ ತುರಿಯುತ್ತಿದ್ದರು.

ಸಂಜೆ ಮತ್ತೆ ಫೋನ್ ಮಾಡಿದಾಗ ಅಕ್ಕ ಹೊರಟು ಗೇಟಿನ ಬಳಿ ನಿಂತಿದ್ದಳು. ಉಂಡ ಮನೆಯವರನ್ನು ತಿರುಗಿ ಕರೆಯದೆ ಬರುವುದು ನಮ್ಮಲ್ಲಿ ಉಂಟೇ? ನನಗೆ “ತಡಿ” ಎಂದು, ವಾರಗಿತ್ತಿಗೆ ಬಲು ಪ್ರೀತಿಯಿಂದ ಹೇಳಿದಳು:

“ಈ ಸರ್ತಿದು ನಿಮ್ಮಲ್ಲಾಯ್ತು. ಮುಂದಿನ ಸುನಾಮಿಗೆ ನೀವೆಲ್ಲ ನಮ್ಮನಿಗೇ ಬರ್ಕು.”