ಡಾಕ್ಟರಜ್ಜಿಯ ಕೊನೆಯ ರೋಗಿ

ನಿಮ್ಮ ಡಾಕ್ಟರಜ್ಜಿ ನಿವೃತ್ತಳಾಗಿ ನಾಲ್ಕು ವರ್ಷವಾಯಿತು ಎಂದು ಎಲ್ಲರೂ ನಂಬಿದ್ದಾರೆ. ಸುಳ್ಳು! ಅವಳ ಕೈಯಲ್ಲಿ ಇನ್ನೂ ಒಬ್ಬ ರೋಗಿ ಇದ್ದಾನೆ. ಇಂಗ್ಲೆಂಡಿನವನು, ಹತ್ತಿ ಗಿರಣಿಯಲ್ಲಿ ಕೂಲಿ, ವಯಸ್ಸು ಏನಿಲ್ಲವೆಂದರೂ ಇನ್ನೂರರ ಹತ್ತಿರ. ಇನ್ಶೂರೆನ್ಸ್ ಇಲ್ಲ. ವಾಸ, ಒಂದು ಪುಸ್ತಕದೊಳಗೆ.

ಮಕ್ಕಳೇ, ನಾಲ್ಕು ಜನರೆದುರು ಮಾತಾಡಲು ನನಗೆ ಬರುವುದಿಲ್ಲ. ಹಳ್ಳಿ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಓದಿದ್ದೇ ಓದು. ಅದಕ್ಕೇ ಬರೆದಿಡುತ್ತಿದ್ದೇನೆ. ಕನ್ನಡ ಓದಲು ಬಾರದವರು ನಿಮ್ಮ ಅಮ್ಮನ ಕೈಲಿ ಓದಿಸಿಕೊಳ್ಳಿ. ಡಾಕ್ಟರಜ್ಜಿಗೆ ಮಾತ್ರ ತೋರಿಸಬೇಡಿ.

ಅವಳು ನನ್ನ ನಾದಿನಿ, ನಿಮ್ಮ ಅಜ್ಜನ ತಂಗಿ. ಹ್ಯೂಸ್ಟನ್ ಪಕ್ಕದ ವುಡ್‌ಲ್ಯಾಂಡ್ಸ್‌ನಲ್ಲಿ ಒಬ್ಬಳೇ ಇದ್ದಾಳೆ. ಹ್ಯೂಸ್ಟನ್ನಿನ ಜನರ ಶ್ವಾಸಕೋಶ ನೋಡಿ ನೋಡಿ ಅವಳಿಗೆ ಮನುಷ್ಯರ ಮುಖ ನೆನಪಿರುವುದಿಲ್ಲ, ಕೆಮ್ಮು ನೆನಪಿರುತ್ತದೆ. ಒಮ್ಮೆ ಇಂಡಿಯನ್ ಅಂಗಡಿಯಲ್ಲಿ ಬೇಳೆಯ ಸಾಲಿನ ಆಚೆ ಯಾರೋ ಕೆಮ್ಮಿದರು. ಇವಳು ಈಚೆಯಿಂದಲೇ ಅವರ ಹೆಸರು ಹಿಡಿದು ಕರೆದು, ಇನ್‌ಹೇಲರ್ ಯಾಕೆ ಬಿಟ್ಟಿರಿ ಎಂದು ಗದರಿದಳು. ಪಾಪ, ಆ ಮನುಷ್ಯ ತೊಗರಿಬೇಳೆ ಬಿಟ್ಟು ಓಡಿದ.

ಇಂಥವಳು ಹೋದ ವರ್ಷ ಲೈಬ್ರರಿಯವರು ಹಳೇ ಪುಸ್ತಕ ಮಾರುವಾಗ ಒಂದು ದಪ್ಪ ಕಾದಂಬರಿ ತಂದಳು. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಒಬ್ಬ ಹೆಂಗಸು ಬರೆದದ್ದಂತೆ. ಗಿರಣಿ, ಗಿರಣಿಯ ಕೂಲಿಗಳು, ಅವರ ಹಸಿವು, ಮುಷ್ಕರ, ನಡುನಡುವೆ ಪ್ರೀತಿ. ಹುಟ್ಟಿದಾಗಿನಿಂದ ಕಥೆಪುಸ್ತಕ ಮುಟ್ಟದವಳು, ದಿನಾ ಮಧ್ಯಾಹ್ನ ಎರಡು ಗಂಟೆಗೆ ಫೋನ್ ಮಾಡಿ ಅದನ್ನು ನನಗೆ ಕನ್ನಡದಲ್ಲಿ ಹೇಳತೊಡಗಿದಳು.

ಆ ಹೊತ್ತಿಗೆ ಫ್ಲೂಗರ್‌ವಿಲ್‌ನ ಈ ಮನೆಯಲ್ಲಿ ನಾನೊಬ್ಬಳೇ. ಹೊರಗೆ ಬಿಸಿಲು ಬಿಳಿ ಗೋಡೆಯ ಹಾಗೆ ನಿಂತಿರುತ್ತದೆ. ಕಿಟಕಿಯ ಪಟ್ಟಿ ಮುಚ್ಚಿ, ಫೋನನ್ನು ಸೋಫಾದ ಕೈ ಮೇಲಿಟ್ಟು, ನಿಮ್ಮೆಲ್ಲರ ಬಟ್ಟೆ ಮಡಿಸುತ್ತ ಕೂರುತ್ತೇನೆ. ಒಳಗೆ ಬಟ್ಟೆ ಒಣಗಿಸುವ ಡ್ರೈಯರ್ ಗುಂಯ್ ಎನ್ನುತ್ತಿರುತ್ತದೆ. ದಾವಣಗೆರೆಯಲ್ಲಿ ನಿಮ್ಮಜ್ಜ ದುಡಿಯುತ್ತಿದ್ದ ಹತ್ತಿ ಗಿರಣಿ ನಮ್ಮ ಮನೆಯವರೆಗೆ ಹೀಗೇ ಕೇಳುತ್ತಿತ್ತು. ಬಿಸಿ ಟವೆಲ್ಲು ಮಡಿಲಲ್ಲಿ, ನಾದಿನಿಯ ದನಿ ಕಿವಿಯಲ್ಲಿ. ಕಣ್ಣು ತಾನಾಗಿ ಅರ್ಧ ಮುಚ್ಚುತ್ತದೆ. ಇಂಗ್ಲೆಂಡಿನ ಮಂಜು ಮೆಲ್ಲಗೆ ದಾವಣಗೆರೆಯ ಓಣಿಗೆ ಇಳಿಯುತ್ತದೆ.

ನನ್ನ ಕೆಲಸ ಹೂಂ ಅನ್ನುವುದು. ಒಂದು ದಿನ ನಿದ್ದೆ ಬಂದು ಹೂಂ ತಪ್ಪಿತು. ಅವಳು ನಿಮ್ಮ ಅಮ್ಮನ ಆಫೀಸಿಗೆ ಫೋನ್ ಮಾಡಿದಳು. ಅಮ್ಮ ಮೀಟಿಂಗ್ ಬಿಟ್ಟು ಓಡಿಬಂದು, ನಾನು ನಿಮ್ಮ ಸಾಕ್ಸು ಹಿಡಿದು ಗೊರಕೆ ಹೊಡೆಯುವುದನ್ನು ನೋಡಿದಳು.

ಕಥೆಯಲ್ಲಿ ಒಬ್ಬ ಕೂಲಿಗೆ ಕೆಮ್ಮಿತ್ತು. ಅವನ ಇಂಗ್ಲಿಷ್ ಹೆಸರು ನನ್ನ ನಾಲಿಗೆಯಲ್ಲಿ ತಿರುಗದೆಂದು ಬಸಣ್ಣ ಎಂದಿಟ್ಟಳು. ಅಲ್ಲಿಗೆ ಕಥೆ ಹಿಂದಾಯಿತು, ಬಸಣ್ಣ ಮುಂದಾದ. ಅವನು ಕೆಮ್ಮಿದಲ್ಲೆಲ್ಲ ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ಔಷಧಿ ಬರೆಯುವಳು. ಕಿಟಕಿ ತೆರೆಯದ ಮಾಲೀಕನಿಗೆ ಬೈಗುಳ, ಬರೆದ ಹೆಂಗಸಿಗೂ ಬೈಗುಳ.

"ಆಯಮ್ಮಗೆ ಕಥಿ ಬರೆಯೋಕೆ ಬರ್ತದೆ ಅತ್ತಿಗೆ, ರೋಗಿ ನೋಡೋಕೆ ಬರಲ್ಲ. ಎದಿಯಾಗೆ ಹತ್ತಿ ಧೂಳು ಕುಂತಿದ್ರೆ ಪಾದ್ರೀನ ಕರೆಸ್ತಾಳೆ!"

ಬಸಣ್ಣ ಗಿರಣಿಯಿಂದ ಬಂದರೆ ಹುಬ್ಬಿನ ಮೇಲೆ, ರೆಪ್ಪೆಯ ಮೇಲೆ ಹತ್ತಿಯ ನವಿರು. ಹೆಂಡತಿ ಅವನನ್ನು ಹೊಸ್ತಿಲ ಮೇಲೆ ಕೂರಿಸಿ, ಸೆರಗಿನ ತುದಿಯಿಂದ ಒಂದೊಂದೇ ತೆಗೆಯುವಳು. ಆಮೇಲೆಯೇ ಊಟ. ಇಂಗ್ಲೆಂಡಿನ ಹೆಂಗಸಿಗೆ ಸೆರಗು ಎಲ್ಲಿಂದ ಬಂತು ಎನ್ನುತ್ತೀರಾ? ನನಗೆ ಹೊಳೆಯಲೇ ಇಲ್ಲ! ನಾನೂ ಹಾಗೇ ತೆಗೆಯುತ್ತಿದ್ದೆ. ಗಿರಣಿಯವರ ಹೆಂಡಂದಿರು ಎಲ್ಲಾ ಕಡೆ ಒಂದೇ, ಆಯಮ್ಮ ಎಷ್ಟು ಸರಿಯಾಗಿ ಕಂಡು ಬರೆದಿದ್ದಾಳೆ ಎಂದುಕೊಂಡೆ.

ಪ್ಲೇನೋದಲ್ಲಿ ಒಂದು ಗೃಹಪ್ರವೇಶ. ಊಟಕ್ಕೆ ಕೂತಾಗ ನಾದಿನಿ ಬಸಣ್ಣನ ಎದೆನೋವಿನ ಮಾತೆತ್ತಿದಳು. ಪಕ್ಕದ ಆಂಟಿ ಗಾಬರಿಯಾಗಿ ಎಲ್ಲಿದ್ದಾರೆ ಎಂದು ಕೇಳಿದರು. ಇಂಗ್ಲೆಂಡಿನಲ್ಲಿ ಎಂದಳು.

"ಅಯ್ಯೋ, ಅಲ್ಲಿ ಡಾಕ್ಟರ್ ಸಿಗೋಕೆ ತಿಂಗಳುಗಟ್ಟಲೆ ಕಾಯ್ಬೇಕಂತೆ."

"ಇವನು ನೂರೆಪ್ಪತ್ತು ವರ್ಷದಿಂದ ಕಾಯ್ತಿದಾನೆ," ಎಂದು ನಾದಿನಿ ಹೋಳಿಗೆ ಮುರಿದಳು.

ಆಂಟಿ ಅದನ್ನು ನೊಂದವರ ಮಾತೆಂದು ತಿಳಿದರು. ಮುಂದಿನ ವಾರ ದೇವಸ್ಥಾನದಲ್ಲಿ ಬಸಣ್ಣನ ಹೆಸರಿಗೆ ಅರ್ಚನೆ ಮಾಡಿಸಿ ಕಲ್ಲುಸಕ್ಕರೆ ಕಳಿಸಿದರು. ನಾದಿನಿ ಅದನ್ನು ಪುಸ್ತಕಕ್ಕೆ ಮುಟ್ಟಿಸಿ ತಾನೇ ತಿಂದಳು.

ನಮ್ಮ ಮನೆಗೆ ಬಂದರೆ ಅವಳ ಮೊದಲ ಕೆಲಸ ಡ್ರೈಯರ್ ಜಾಲರಿಯಲ್ಲಿ ಕೂತ ನೂಲಧೂಳು ತೆಗೆಯುವುದು. ನೀವೇ ನೋಡಿದ್ದೀರಿ, ಮುಖಕ್ಕೆ ಮಾಸ್ಕ್, ಕೈಗೆ ಗ್ಲೌಸ್! ಆ ಬೂದು ಮುದ್ದೆಯನ್ನು ಬ್ಯಾಗಿನಲ್ಲಿ ಕಟ್ಟಿ, ನನ್ನನ್ನು ದೂರ ನಿಲ್ಲಿಸಿ ಹೊರಗೆ ಒಯ್ಯುತ್ತಾಳೆ. ದಾರಿಯ ಹೊಲಗಳಲ್ಲಿ ಹತ್ತಿ ಅರಳಿದಾಗ ನಮಗೆಲ್ಲ ಬೆಳದಿಂಗಳು ಬಿದ್ದಂತೆ ಕಾಣುತ್ತದೆ. ಅವಳು ಕಾರಿನ ಗಾಜು ಏರಿಸುತ್ತಾಳೆ.

ಮೇ ತಿಂಗಳಲ್ಲಿ ಬಸಣ್ಣನ ಕೆಮ್ಮು ಏರಿತು. ಇವತ್ತು ರಕ್ತ ಬಿತ್ತು ಎಂದು ಹೇಳಿ ಅವಳು ಫೋನಿಟ್ಟಳು. ಮೂರು ದಿನ ಕಥೆಯಿಲ್ಲ. ನನಗೆ ಅನ್ನ ಇಳಿಯಲಿಲ್ಲ. ನಾಲ್ಕನೆಯ ದಿನ ಫೋನ್ ಬಂತು, ಜ್ವರ ಸ್ವಲ್ಪ ಇಳಿದಿದೆಯಂತೆ. ಆಮೇಲೆ ಒಂದು ತಿಂಗಳು ಬರೀ ಅದೇ! ಇವತ್ತು ಎರಡು ಚಮಚ ಗಂಜಿ, ಇವತ್ತು ಗೋಡೆ ಹಿಡಿದು ಎದ್ದ. ಮುಷ್ಕರ ಏನಾಯಿತು, ಆ ಪ್ರೀತಿಸಿದವರ ಮದುವೆಯಾಯಿತೇ? ಕೇಳುವವರಿಲ್ಲ. ನನಗೂ ಬೇಕಿರಲಿಲ್ಲ. ಬಸಣ್ಣ ಪೂರ್ತಿ ಹುಷಾರಾಗುತ್ತಾನಾ, ಅದೊಂದೇ ನನ್ನ ಚಿಂತೆ. ಅವಳನ್ನು ಕೇಳಲು ಬಾಯಿ ಬರಲಿಲ್ಲ.

ಒಂದು ಶನಿವಾರ ನಿಮ್ಮಲ್ಲಿ ದೊಡ್ಡವಳು ಆಸ್ಟಿನ್‌ನ ಹಾಸ್ಟೆಲಿನಿಂದ ಒಗೆಯುವ ಬಟ್ಟೆಯ ಮೂಟೆ ಹೊತ್ತು ಬಂದಳು. ಅವಳಿಗೆ ಕಾಲೇಜಿನಲ್ಲಿ ಅದೇ ಪುಸ್ತಕ ಇತ್ತು. ಆ ಕೆಮ್ಮುವ ಕೂಲಿ ಕೊನೆಗೆ ಹುಷಾರಾಗುತ್ತಾನಾ ಎಂದು ಮೆಲ್ಲಗೆ ಕೇಳಿದೆ. ಅವಳು ಲ್ಯಾಪ್‌ಟಾಪ್ ತೆರೆದು ಹುಡುಕಿದಳು.

"ಅಜ್ಜಿ, ಹಿ ಡೈಸ್. ಲೈಕ್, ಹಾಫ್‌ವೇ."

ಸೆರಗು, ಹುಬ್ಬಿನ ಹತ್ತಿ, ಹೊಸ್ತಿಲು, ಎಲ್ಲವನ್ನೂ ಹೇಳಿ ಇನ್ನೊಮ್ಮೆ ಹುಡುಕಿಸಿದೆ.

"ನಥಿಂಗ್ ಲೈಕ್ ದಟ್, ಅಜ್ಜಿ. ಡಾಕ್ಟರಜ್ಜಿ ಮೇಡ್ ಇಟ್ ಅಪ್."

ಬಟ್ಟೆಯ ರಾಶಿಯ ಮುಂದೆ ಕೂತುಬಿಟ್ಟೆ. ನಾನು ಸೊಸೆಯಾಗಿ ಬಂದಾಗ ನಾದಿನಿಗೆ ಹತ್ತು ವರ್ಷ. ಹೊಸ್ತಿಲಲ್ಲಿ ನಾನು ನಿಮ್ಮಜ್ಜನ ಹುಬ್ಬಿನ ಹತ್ತಿ ಬಿಡಿಸುವಾಗ ಯಾರೂ ನೋಡುತ್ತಿಲ್ಲ ಎಂದುಕೊಂಡಿದ್ದೆ. ಬಾಗಿಲ ಹಿಂದೆ ಅವಳಿದ್ದಳು! ನಿಮ್ಮಜ್ಜ ದುಡಿದೇ ಅವಳನ್ನು ಓದಿಸಿದರು. ಅವರ ಕೆಮ್ಮು ಏರಿದಾಗ ಅವಳಿಗೆ ಡಾಕ್ಟರಿಕೆಯ ಎರಡನೇ ವರ್ಷ. ರಜೆಗೆ ಬಂದವಳು ಹೊಸ ಸ್ಟೆತಸ್ಕೋಪನ್ನು ಅಣ್ಣನ ಎದೆಗಿಟ್ಟು ಬಹಳ ಹೊತ್ತು ಕೇಳಿದಳು. ಏನು ಕೇಳಿಸಿತು ಎಂದು ಅವರು ನಗುತ್ತ ಕೇಳಿದರು. ಅವಳಿಗೆ ಇನ್ನೂ ಹೇಳಲು ಬರುತ್ತಿರಲಿಲ್ಲ. ಅವಳು ಮುಂದಿನ ರಜೆಗೆ ಬರುವಷ್ಟರಲ್ಲಿ ಅವರು ಇರಲಿಲ್ಲ.

ಸೋಮವಾರ ಎರಡು ಗಂಟೆಗೆ ಫೋನ್ ಬಂತು. ಡ್ರೈಯರ್ ತಿರುಗುತ್ತಿತ್ತು.

"ಅತ್ತಿಗೆ, ಇವತ್ತು ಬಸಣ್ಣ ಹೊಸ್ತಿಲ ತನಕ ನಡೆದು ಬಂದು ಕುಂತ."

ಹೂಂ ಎನ್ನಬೇಕಿತ್ತು. ನನ್ನ ಬಾಯಿಂದ ಮಾತು ಬಂತು.

"ಹಸಿದಿರ್ತಾನೆ. ಊಟಕ್ಕೆ ಏನ್ ಕೊಟ್ರು?"

ಆ ಕಡೆ ಪುಸ್ತಕ ಮುಚ್ಚಿದ ಸದ್ದು. ನಾದಿನಿಯ ದನಿ ಬಂತು, ಹತ್ತು ವರ್ಷದ ಹುಡುಗಿಯದಂತೆ ಸಣ್ಣಗೆ.

"ಏನ್ ಕೊಡ್ಲಿ ಅತ್ತಿಗೆ?"

"ಜೋಳದ ರೊಟ್ಟಿ, ಬೆಣ್ಣಿ. ರೊಟ್ಟಿ ಖಡಕ್ ಇರ್ಲಿ, ಮೆತ್ತಗಿದ್ರೆ ಅವರು ಮುಟ್ಟಲ್ಲ," ಎಂದೆ. "ಅವಸರ ಇಲ್ಲ. ಮೊದ್ಲು ಹುಬ್ಬಿನ ಹತ್ತಿ ತೆಗಿತೀನಿ, ತಡಿ."