ಮೇಲಿನ ಓಣಿ ಯಾವ ಕಡೆ?

ನಕ್ಷೆಯಲ್ಲಿ ಉತ್ತರ ಮೇಲಿರುತ್ತದೆ. ಈ ಪರಮಸತ್ಯವನ್ನು ಹೆಂಡತಿಗೆ ಒಪ್ಪಿಸಲಾಗದ್ದೇ ಮೈಲಾರಲಿಂಗಪ್ಪನ ಬಾಳಿನ ದೊಡ್ಡ ಕೊರಗು. ಯುದ್ಧ ಮುಗಿದು ದಂಡಿನವರ ಹಳೇ ಸಾಮಾನು ಬಳ್ಳಾರಿಯಲ್ಲಿ ಹರಾಜಾದಾಗ ಅವನೊಂದು ದಿಕ್ಸೂಚಿ ಕೊಂಡಿದ್ದ. ಅಂದಿನಿಂದ ಬ್ರೂಸ್‌ಪೇಟೆಗೆ ಉಪ್ಪು ತರಲು ಹೊರಟರೂ ಅದರ ಮುಳ್ಳು ನೋಡದೆ ಹೊಸ್ತಿಲು ದಾಟುತ್ತಿರಲಿಲ್ಲ.

ತಮ್ಮ ಮರಿಬಸಪ್ಪನಿಗೆ ಹೆಣ್ಣು ನೋಡಿ ಮಾತು ಮುಗಿಸಲು ಅವನು ಸಿರುಗುಪ್ಪಕ್ಕೆ ಹೋಗಬೇಕಾಯಿತು. ಹೆಣ್ಣು ಅವನ ಹೆಂಡತಿ ಸಾವಂತ್ರಮ್ಮನ ದೂರದ ಬಳಗದ ಕೊಟ್ರಬಸಪ್ಪನ ಮಗಳು. ಸಾವಂತ್ರಮ್ಮ ಬೆಳಗಿನ ಬಸ್ಸಿಗೇ ಹೊರಟಳು. ಗಂಡ ಕಚೇರಿ ಮುಗಿಸಿ ಬರುವುದೆಂದಾಯಿತು.

"ಮ್ಯಾಲಿನ ಓಣ್ಯಾಗ ಬೇವಿನ ಗಿಡದ ಮನಿ. ಮರೀಬ್ಯಾಡ್ರಿ."

"ಮ್ಯಾಲ ಅಂದ್ರ ಉತ್ತರಾನ?"

"ನಮ್ಮೂರಾಗ ಮ್ಯಾಲ ಅಂದ್ರ ಹೊಳಿ ನೀರು ಬರೋ ಕಡಿ. ಕೆಳಗ ಅಂದ್ರ ನೀರು ಹೋಗೋ ಕಡಿ."

"ನೀರಿಗೇನು ತಿಳಿತೈತಿ ದಿಕ್ಕು! ಕುರುಗೋಡಿನ ನಮ್ಮಜ್ಜಿ ಗುಡ್ಡದ ಕಡೀಗೆ ಮ್ಯಾಲ ಅಂತಿದ್ಲು. ಊರಿಗೊಂದು ಮ್ಯಾಲ ಆದ್ರ ಜಗತ್ತು ನಡಿಯೋದು ಹೆಂಗ?"

"ನಡಕೊಂತ ಬಂದೈತಲ್ರಿ," ಎಂದು ಆಕೆ ಬಸ್ಸು ಹತ್ತಿದಳು.

ಸಿರುಗುಪ್ಪ ಅವನ ಅತ್ತೆಮನೆಯ ಊರೇ. ಆದರೆ ಪ್ರತಿಸಲವೂ ಬಸ್ಸಿನ ಬಳಿಗೇ ಬಂಡಿ ಬರುತ್ತಿದ್ದುದರಿಂದ ಅಳಿಯದೇವರ ಪಾದ ಅಲ್ಲಿನ ಓಣಿಗಳನ್ನು ಸವೆಸಿರಲಿಲ್ಲ. ಈ ಸಲ ಇಳಿದವನೇ ಮುಳ್ಳು ನೋಡಿ ನೇರ ಉತ್ತರಕ್ಕೆ ನಡೆದ. ಹೊಳೆಯ ನೀರು ಹೋಗುವುದೂ ಅದೇ ಕಡೆಗೆ. (ದಂಡಿನ ಮುಳ್ಳು ಕೈಯಲ್ಲಿರುವಾಗ ಹಾದಿಹೋಕರನ್ನು ಕೇಳುವುದುಂಟೆ?) ಬೇವಿನ ಗಿಡವೂ ಸಿಕ್ಕಿತು. ಆ ಊರಲ್ಲಿ ಬೇವಿಲ್ಲದ ಓಣಿಯೇ ಇಲ್ಲವೆಂಬುದು ಮುಳ್ಳಿಗೆ ಗೊತ್ತಿರಲಿಲ್ಲ.

"ಹೆಣ್ಣು ನೋಡಾಕ ಬಂದೀನ್ರಿ," ಎಂದ.

"ಬರ್ರಿ, ಬರ್ರಿ, ನಿಮ್ಮ ಹಾದೀನ ಕಾಯಾಕತ್ತಿದ್ವಿ!" ಮನೆಯ ಯಜಮಾನ ಕಾಡಸಿದ್ದಪ್ಪ ಕಾಲಿಗೆ ನೀರು ಕೊಟ್ಟು, ತಿನ್ನಲು ಮಂಡಾಳು, ಮಿರ್ಚಿ ತರಿಸಿದ. ಅವನು ಕಾಯುತ್ತಿದ್ದುದು ಎರಡನೇ ಮದುವೆಗೆ ಹೆಣ್ಣು ನೋಡಲು ಆದವಾನಿಯಿಂದ ಬರಬೇಕಿದ್ದ, ಹೆಂಡತಿ ತೀರಿಕೊಂಡ ವರನನ್ನು. ಮುಖಪರಿಚಯವಿರಲಿಲ್ಲ.

ಕಾಡಸಿದ್ದಪ್ಪ ದನಿ ತಗ್ಗಿಸಿ, "ಮನಿಯವ್ರು ಹೋಗಿ ಭಾಳ ದಿನ ಆತೇನ್ರಿ?" ಎಂದ.

"ಎಲ್ಲೀ ಭಾಳ ದಿನ! ಇವತ್ತ ಮುಂಜಾನಿ ಹೋದ್ಲು."

"ಇವತ್ತ?"

"ಹೌದ್ರಿ. ನಾನ ಕಳಿಸಿಕೊಟ್ಟೆ. ಆಮ್ಯಾಲೆ ಉಂಡು, ಕಚೇರಿ ಕೆಲಸ ಮುಗಿಸಿ, ಹಂಗ ಬಂದೆ."

ಒಳಗೆ ಹೆಂಗಸರು "ಅಯ್ಯ ಶಿವನ!" ಎಂದು ಕಿರುಚಿದರು. ಮಿರ್ಚಿ ಬಾಯಲ್ಲಿದ್ದಂತೆಯೇ ಬಾಗಿಲಿಗೆ ಅಗುಳಿ ಬಿತ್ತು. ಅಡುಗೆಮನೆಯಿಂದ ಬಂದ ಒನಕೆ ಹಿಡಿದು ಕಾಡಸಿದ್ದಪ್ಪ ಎದುರಿಗೆ ಕೂತ. ಮೈಲಾರಲಿಂಗಪ್ಪನಿಗೆ ದಿಕ್ಕು ತಿಳಿದಿತ್ತು, ದಿಕ್ಕೇ ತೋಚಲಿಲ್ಲ.

ಹೆಂಡತಿಯನ್ನು ಮುಂಜಾನೆ ಕಳಿಸಿ ಸಂಜೆಗೆ ಹೆಣ್ಣು ನೋಡಬಂದ ಪಾಪಿಯ ಸುದ್ದಿ ಊರೆಲ್ಲ ಹಬ್ಬಿ ಮೇಲಿನ ಓಣಿಯನ್ನೂ ಮುಟ್ಟಿತು. ಅಲ್ಲಿ ಗಂಡನ ಹಾದಿ ಕಾದು ಸಾಕಾಗಿದ್ದ ಸಾವಂತ್ರಮ್ಮ ಒಂದೇ ಮಾತು ಕೇಳಿದಳು: "ಅವನ ಕೈಯಾಗ ಮುಳ್ಳಿನ ಡಬ್ಬಿ ಐತೇನು?"

ಐತೆಂದು ತಿಳಿದದ್ದೇ ಕೆಳಗಿನ ಓಣಿಗೆ ಓಡಿ ಬಾಗಿಲು ಬಡಿದಳು.

"ಯಾರವ್ವಾ ನೀನು?" ಎಂದ ಕಾಡಸಿದ್ದಪ್ಪ.

"ಮುಂಜಾನಿ ಹೋದಾಕಿ!"

ಗಂಡಹೆಂಡಿರು ಕೊಟ್ರಬಸಪ್ಪನ ಮನೆ ಮುಟ್ಟುವಾಗ ಹೊತ್ತು ಮುಳುಗಿತ್ತು. ಅತಿಥಿ ಬಾರದೆ ಮುಖ ಊದಿಸಿಕೊಂಡಿದ್ದ ಯಜಮಾನ, "ಇಷ್ಟೊತ್ತು ಎಲ್ಲಿದ್ರಿ?" ಎಂದು ಗುಡುಗಿದ. ಸಂಬಂಧ ಮುರಿಯಿತೆಂದು ಮೈಲಾರಲಿಂಗಪ್ಪ ಡಬ್ಬಿಯನ್ನು ಮೆಲ್ಲಗೆ ಜೇಬಿಗಿಳಿಸಿದ.

"ಏನಿಲ್ಲ ಕಾಕಾ," ಎಂದಳು ಸಾವಂತ್ರಮ್ಮ. "ಮೊದಲು ತಮಗೊಂದು ಹೆಣ್ಣು ನೋಡ್ಕೊಂಡು ಬಂದ್ರು."

ಕಥೆಯೆಲ್ಲ ಕೇಳಿ ಕೊಟ್ರಬಸಪ್ಪ ಹೊಟ್ಟೆ ಹಿಡಿದು ನಕ್ಕ. ಕಣ್ಣೊರೆಸಿಕೊಂಡು, "ಸಂಬಂಧ ಒಪ್ಪಿಗಿ ಐತಿ. ಆದ್ರ ಒಂದು ಕರಾರು," ಎಂದ. "ಮದುವಿ ದಿಬ್ಬಣ ಸಾವಂತ್ರಿನ ಮುಂದಿದ್ದು ಕರ್ಕೊಂಡು ಬರಬೇಕು. ಈ ಮುಳ್ಳಿನ ಡಬ್ಬಿ ಅಳಿಯಂದ್ರು ಹಿಂದಿನ ಬಂಡ್ಯಾಗ ಬರ್ಲಿ. ಎತ್ತಿಗೆ ಹಾದಿ ಗೊತ್ತಿರತೈತಿ."