ಅತ್ತೆಯ ಫೋನೂ ಟೆಂಪೊದವನ ಮೀನೂ

ನಮ್ಮ ಮನೆಯಲ್ಲಿ ನಗಿಸಬೇಕೆಂದು ಯಾರೂ ಏನೂ ಮಾಡುವುದಿಲ್ಲ. ಅದು ತಾನಾಗಿ ಆಗುತ್ತದೆ, ಅದೂ ನನಗೆ ನಗಲು ಪುರುಸೊತ್ತಿಲ್ಲದ ಹೊತ್ತಿನಲ್ಲೇ. ಅತ್ತೆ ಸ್ಮಾರ್ಟ್‌ಫೋನ್ ತೆಗೆದುಕೊಂಡ ಮೇಲಂತೂ ಒಂದು ವಾರವೂ ಖಾಲಿ ಹೋಗಿಲ್ಲ.

ನಾನು ಕುಂದಾಪುರದ ಒಂದು ಮೊಬೈಲ್ ಅಂಗಡಿಯಲ್ಲಿ ಕೆಲಸಕ್ಕಿದ್ದೇನೆ. ತವರು ಕೊಕ್ಕರ್ಣೆ, ಗದ್ದೆಯ ಕಡೆ. ಮದುವೆಯಾಗಿ ಬಂದದ್ದು ಉಪ್ಪುಂದಕ್ಕೆ, ಮೀನಿನ ಮನೆಗೆ. ಅತ್ತೆ ಬುಟ್ಟಿ ಹೊತ್ತು ಮನೆಮನೆಗೆ ಮೀನು ಕೊಟ್ಟೇ ನನ್ನ ಗಂಡನನ್ನು ಓದಿಸಿದವರು. ಈಚೆಗೆ ಒಬ್ಬ ಟೆಂಪೊದವನು ಮೀನು ವ್ಯಾಪಾರ ಶುರುಮಾಡಿದ. ಬೆಳಿಗ್ಗೆ ವಾಟ್ಸ್ಯಾಪಿನಲ್ಲಿ ಮೀನಿನ ಫೋಟೊ ಹಾಕುವುದು, ಬೇಕಾದವರು ಹೆಬ್ಬೆರಳಿನ ಚಿತ್ರ ಒತ್ತುವುದು, ಬಾಗಿಲಿಗೇ ಟೆಂಪೊ. ಅತ್ತೆಯ ಖಾಯಂ ಮನೆಗಳು ಒಂದೊಂದಾಗಿ ಜಾರತೊಡಗಿದವು. ಒಂದು ಸಂಜೆ ಅರ್ಧ ಬುಟ್ಟಿ ಮೀನು ವಾಪಸ್ ತಂದು ಜಗಲಿಯಲ್ಲಿಟ್ಟರು. "ಅಷ್ಟ್ ವರ್ಷದ್ ಮನೆ ಎಲ್ಲ ಕೈ ತಪ್ಪಿ ಹೋಯ್ತಲೆ ಹೆಣೆ. ಇನ್ನ್ ನಾನ್ ಎಂತ ಮಾಡೂದ್?" ಎಂದು ಸುಮ್ಮನೆ ಕೂತುಬಿಟ್ಟರು. ಅತ್ತೆ ಸುಮ್ಮನೆ ಕೂತದ್ದನ್ನು ನಾನು ಅದುವರೆಗೆ ಕಂಡೇ ಇರಲಿಲ್ಲ. "ನಾವೂ ಫೋನ್ ತಕಂಬ" ಎಂದೆ.

೧. ಹೊಟ್ಟೆ ಒತ್ತಿ ನೋಡಿದ್ದು

ನಮ್ಮ ಅಂಗಡಿಗೇ ಕರೆದುಕೊಂಡು ಹೋದೆ. ಧಣಿ ಕ್ಯಾಮೆರಾ, ಬ್ಯಾಟರಿ, ಸ್ಟೋರೇಜ್ ಎಂದು ಬಾಯಿಪಾಠ ಒಪ್ಪಿಸುತ್ತಿದ್ದರೆ ಅತ್ತೆ ಫೋನನ್ನು ಕೈಗೆತ್ತಿ, ಮಗುಚಿ, ಹೊಟ್ಟೆ ಒತ್ತಿ ನೋಡಿದರು. ಆಮೇಲೆ ಮೂಸಿದರು.

"ಇದ್ ಯಾವತ್ತಿಂದ್?"

"ಹೋದ ತಿಂಗಳು ಬಂದದ್ದು ಅಮ್ಮ, ಹೊಸ ಮಾಡೆಲ್."

"ಹೋದ್ ತಿಂಗ್ಳಿಂದಾ! ಹೆಣೆ, ಈ ಮನ್ಷ ಹಳಸಿದ್ದ್ ಮಾರ್ತ!" ಎಂದು ಅಂಗಡಿಗೆಲ್ಲ ಕೇಳುವ ಹಾಗೆ ಹೇಳಿದರು. ನಾನು ಕೌಂಟರಿನ ಹಿಂದೆ ಕುಗ್ಗಿಹೋದೆ. ಅವತ್ತೇ ಬೆಳಿಗ್ಗೆ ಬಂದ ಪೆಟ್ಟಿಗೆಯನ್ನು ಅವರೆದುರೇ ಒಡೆಸಿದ ಮೇಲೆ ಒಂದು ಫೋನು ಒಪ್ಪಿಗೆಯಾಯಿತು. ದರ ಇಳಿಸುವಷ್ಟರಲ್ಲಿ ಧಣಿಯ ಬೆವರೂ ಇಳಿಯಿತು. ಸದ್ಯ, ಮುಗಿಯಿತಪ್ಪ ಎಂದು ನಾನು ಉಸಿರು ಬಿಟ್ಟೆ. ಅತ್ತೆ ಮಾತ್ರ ಏಳಲೇ ಇಲ್ಲ. ಗಾಜಿನೊಳಗಿದ್ದ ಸಣ್ಣ ಬಟನ್ ಫೋನುಗಳಿಗೆ ಕೈ ತೋರಿಸಿ ಧಣಿಗೆ ಹೇಳಿದರು: "ಇಷ್ಟ್ ದೊಡ್ಡದ್ ತಕಂಡಿದ್ದೆ. ಮೇಲ್ ಎರಡ್ ಸಣ್ಣದ್ ಹಾಕ್ ಮಾರಾಯ. ಕೊಸರಿಲ್ದೆ ಯಾರ್ ಮನೀಗ್ ತಕಂಡ್ ಹೋತ್ರ್?"

೨. ಕೆಂಪು ಬಂಗುಡೆ

ಹೊಸ ಗಾಡಿ ಕೊಂಡವರು ಹಟ್ಟಿಯಂಗಡಿ ಗಣಪತಿಗೆ ಹೋಗುತ್ತಾರಲ್ಲ, ಫೋನಿಗೂ ಹೋಗಲೇಬೇಕೆಂದರು. ಹೋದೆವು. ಹೊರಗೆ ಬಂದ ಮೇಲೆ ಅತ್ತೆ ಪ್ರಸಾದದ ಕುಂಕುಮವನ್ನು ತಾವೇ ಫೋನಿಗೆ ಹಚ್ಚಿದರು. ಎಲ್ಲಿಗೆ ಹಚ್ಚಿದರೆಂದು ನಾನು ನೋಡಲಿಲ್ಲ. ಕ್ಯಾಮೆರಾಕ್ಕೇ ಹಚ್ಚಿದ್ದರು.

ಮರುದಿನ ನಾನು ಗಿರಾಕಿಗಳಿಗೆಂದು ಮಾಡಿಕೊಟ್ಟಿದ್ದ ವಾಟ್ಸ್ಯಾಪ್ ಗುಂಪಿನಲ್ಲಿ ಅವರು ದರವಷ್ಟೇ ಹೇಳಿ ಬಂಗುಡೆಯ ಫೋಟೊ ಹಾಕಿದರೆ, ಕೆಂಪೆಂದರೆ ಕೆಂಪು! "ಕೆಂಬೇರಿ ಬಂತಾ? ನಮಗೊಂದು ದೊಡ್ಡದು", "ನಮಗೆರಡು" ಎಂದು ಸುರಿಮಳೆ. ಕೆಂಬೇರಿ ಎಂದರೆ ಕೆಂಪಗಿನ ದುಬಾರಿ ಮೀನು. ಬಂಗುಡೆಯ ದರಕ್ಕೆ ಸಿಕ್ಕಿದರೆ ಯಾರು ಬಿಡುತ್ತಾರೆ? ಒಬ್ಬೊಬ್ಬರಿಗೂ ಫೋನ್ ಮಾಡಿ, ಇದು ಬರೀ ಬಂಗುಡೆ ಎಂದು ಹೇಳಿ ಹೇಳಿ ನನ್ನ ಗಂಟಲು ಒಣಗಿತು. ಸಂಜೆ ಮನೆಗೆ ಬಂದವಳೇ ಕ್ಯಾಮೆರಾ ಒರೆಸಲು ಹೋದೆ. ಅತ್ತೆ ಕೈ ಹಿಡಿದರು. "ಒರೆಸ್ಬೇಡ. ಒಂದೇ ದಿನಕ್ಕೆ ದೇವ್ರ್ ಬಂಗುಡಿನ ಕೆಂಬೇರಿ ಮಾಡ್ದ. ಇನ್ನೊಂದ್ ದಿನ ಕಾಂಬ, ಸಿಗಡಿ ಎಂತ ಆತ್ತ್ ಅಂದೇಳಿ."

೩. ಮಗನ ಭಕ್ತಿ

ಬೆರಳಚ್ಚಿನ ಬೀಗ ಹಾಕಿಕೊಡೋಣವೆಂದರೆ ಅತ್ತೆಯ ಒಂದು ಬೆರಳನ್ನೂ ಫೋನು ಒಪ್ಪಲಿಲ್ಲ. ಐಸು, ಉಪ್ಪು, ಮೀನಿನ ಹುರುಪೆ ಎಂದು ಇಷ್ಟು ವರ್ಷದಲ್ಲಿ ಗೆರೆಗಳೇ ಸವೆದಿದ್ದವು. ನಾನು ತಮಾಷೆಗೆ, "ಕಾಲ್ಬೆರಳಾದ್ರೂ ಇಟ್ಟ್ ಕಾಣಿ" ಅಂದೆ. ಕಾಲಿನ ಹೆಬ್ಬೆಟ್ಟು ಇಟ್ಟರು. ತೆರೆಯಿತು! ಎರಡೂ ಕೈಯಲ್ಲಿ ಮೀನು ಹಿಡಿದು ಕೂರುವವರಿಗೆ ಇದಕ್ಕಿಂತ ಅನುಕೂಲ ಇನ್ನೇನು ಬೇಕು? ಆದರೆ ವ್ಯಾಪಾರ ತರುವ ಲಕ್ಷ್ಮಿಯನ್ನು ಕಾಲಲ್ಲಿ ಮುಟ್ಟಬಾರದಲ್ಲ. ಹಾಗಾಗಿ ಪ್ರತಿ ಸಲ ಬೀಗ ತೆಗೆದ ಮೇಲೆ ಫೋನಿಗೊಂದು ನಮಸ್ಕಾರ.

ಮಧ್ಯಾಹ್ನ ಅತ್ತೆ ಜಗಲಿಯಲ್ಲಿ ಮಲಗಿರುವಾಗಲೂ ಆರ್ಡರ್ ಬರುತ್ತದೆ. ಊಟಕ್ಕೆ ಮನೆಗೆ ಬರುವ ನನ್ನ ಗಂಡ ಸದ್ದಿಲ್ಲದೆ ಹೋಗಿ, ಅಬ್ಬೆಯ ಪಾದದ ಬಳಿ ಮೊಣಕಾಲೂರಿ, ತಲೆ ಬಗ್ಗಿಸಿ, ಹೆಬ್ಬೆಟ್ಟನ್ನು ಮೆಲ್ಲನೆ ಫೋನಿಗೆ ತಾಗಿಸುತ್ತಾರೆ. ಪಾಗಾರದ ಗೋಡೆಯಾಚೆಯ ಪಕ್ಕದ ಮನೆ ಹೆಂಗಸಿಗೆ ಫೋನು ಕಾಣುವುದಿಲ್ಲ, ಪಾದ ಮಾತ್ರ ಕಾಣುತ್ತದೆ. ಒಂದು ದಿನ ಆಕೆ ಮದುವೆ ವಯಸ್ಸಿನ ತನ್ನ ಮಗನನ್ನು ಎಳೆದು ತಂದು ನಿಲ್ಲಿಸಿದಳಂತೆ: "ಕಾಣ್, ಕಣ್ ಬಿಟ್ಟ್ ಕಾಣ್! ಹಡೆದ್ ಅಬ್ಬಿ ಕಾಲಿಗೆ ದಿನಾ ಬೀಳ್ತ್ರ್. ನೀನೂ ಇದ್ದಿ, ದಂಡ!"

೪. ನಿಲ್ಲದ ಮಾತು

ಇಷ್ಟಾದರೂ ಟೆಂಪೊದವನ ಕೈಯೇ ಮೇಲಿತ್ತು. ಜಾರಿದ ಮನೆಯವರು ನಮ್ಮ ಗುಂಪಿನಲ್ಲೇನೋ ಇದ್ದರು, ಮೀನು ಮಾತ್ರ ಅವನಲ್ಲೇ ಕೊಳ್ಳುತ್ತಿದ್ದರು. ಅತ್ತೆಗೆ ಟೈಪು ಮಾಡಲು ಬರುವುದಿಲ್ಲ. ಮೈಕಿನ ಗುರುತು ಒತ್ತಿ, ಬೆರಳು ತೆಗೆದರೂ ನಿಲ್ಲದ ಹಾಗೆ ಮೇಲೆ ಜಾರಿಸಿ, ಮಾತಾಡಿ, ಕಳಿಸುವುದನ್ನು ಕಲಿಸಿದ್ದೆ.

ಒಂದು ಬೆಳಿಗ್ಗೆ ಅಂಗಡಿಯಲ್ಲಿ ಗುಂಪು ತೆರೆದೆ. "ಇವತ್ತ್ ಒಳ್ಳೆ ಬಂಗುಡಿ ಇತ್ತ್, ಬೇಕಾದೋರ್ ಹೇಳಿ" ಎಂದು ಅತ್ತೆಯ ಧ್ವನಿ. ಅಲ್ಲಿಗೆ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಮೀನು ಹೆಚ್ಚಲು ಬಂದಿದ್ದ ತಮ್ಮ ತಂಗಿಯ ಜೊತೆ ಮಾತು ಮುಂದುವರಿದಿತ್ತು, ಮೈಕು ಕೇಳುತ್ತಲೇ ಇತ್ತು; ಕಳಿಸುವ ಗುರುತು ಒತ್ತಿದ್ದು ಎಲ್ಲ ಆಡಿ ಮುಗಿದ ಮೇಲೆ.

"ಬ್ಯಾಂಕಿನೋರ್ ಮನೀದ್ ಮುಳ್ಳ್ ತೆಗ್ದ್ ಇಡ್ ಹೆಣೆ, ಅವ್ರ್ ಮಾವನಿಗ್ ಗಂಟ್ಲಲ್ಲ್ ಸಿಕ್ಕತ್ತ್, ಪಾಪ. ಟೀಚರಿಗ್ ರೇಟ್ ಮೊದ್ಲೇ ಹೆಚ್ಚ್ ಹೇಳ್ಕ್, ಚೌಕಾಶಿ ಮಾಡ್ದೆ ಅವ್ರಿಗ್ ಮೀನ್ ರುಚಿಯೇ ಆತಿಲ್ಲೆ. ಹ್ವಾಯ್, ಅದ್ ನಿನ್ನೆದ್! ಬುಟ್ಟಿಗ್ ಹಾಕ್ಬೇಡ, ತೆಂಗಿನ್ ಬುಡಕ್ಕ್ ಹಾಕ್. ನಾವ್ ತಿನ್ನದ್ದ್ ಊರೋರಿಗ್ ಹ್ಯಾಂಗ್ ಕೊಡೂದ್? ಆ ಟೆಂಪೊದವನ್ ಮೀನ್ ಕಂಡಿದ್ಯಾ? ಅವ್ನ್ ಹೆಂಡ್ತಿಯೇ ಅದನ್ ತಿಂತಿಲ್ಲೆ, ಬೇಕಾರೆ ಬೆಟ್ ಕಟ್ತೆ!"

ಕೌಂಟರು ಬಿಟ್ಟು ಹೊರಗೋಡಿದೆ. ಫೋನ್ ಮಾಡಿ, "ಅಳಿಸಿ ಅತ್ತೆ, ಅಳಿಸಿ!" ಎಂದು ಕಿರುಚಿದೆ. ಅಳಿಸಿದರು, ಅವರ ಫೋನಿನಿಂದ ಮಾತ್ರ. ಊರಿಗೆಲ್ಲ ಅದು ಹಾಗೇ ಉಳಿಯಿತು. "ಈಗ ಎಂತದೂ ಕಾಂತಿಲ್ಲೆ, ನೀ ಹೆದ್ರಬೇಡ" ಎಂದು ನನಗೇ ಸಮಾಧಾನ ಬೇರೆ. ಧಣಿಗೆ ಹೇಳಿ ಬಸ್ಸು ಹತ್ತಿದೆ. ಉಳಿದಿದ್ದ ನಾಲ್ಕು ಮನೆಯೂ ಹೋಯಿತು, ಅದೂ ನಾನು ಕಲಿಸಿದ ವಿದ್ಯೆಯಿಂದ ಎಂದು ದಾರಿಯುದ್ದಕ್ಕೂ ಕಣ್ಣೊರೆಸಿಕೊಂಡೆ.

ಮನೆಗೆ ಬಂದರೆ ಬುಟ್ಟಿ ಬೋರಲು ಬಿದ್ದಿತ್ತು. ಒಂದು ಮೀನೂ ಇರಲಿಲ್ಲ. ಬ್ಯಾಂಕಿನವರ ಮಾವ ತಾವೇ ಫೋನ್ ಮಾಡಿ, ಇನ್ನು ದಿನಾ ಮೀನು ನಿಮ್ಮದೇ ಎಂದರಂತೆ. ನಿನ್ನೆಯ ಮೀನನ್ನು ತೆಂಗಿನ ಬುಡಕ್ಕೆ ಹಾಕುವವರು ಇವರೇ ಎಂದು ಜಾರಿದ ಮನೆಗಳೆಲ್ಲ ತಿರುಗಿ ಬಂದಿದ್ದವು. ಟೀಚರ್ ಮಾತ್ರ ಗುಂಪಿನಲ್ಲಿ ಖಾರವಾಗಿ ಬರೆದಿದ್ದರು: "ನಿಮ್ಮ ಉಪಾಯ ಗೊತ್ತಾಯಿತು. ಆದರೂ ರೇಟು ಹೆಚ್ಚೇ ಹೇಳಿ, ಇಳಿಸುವುದನ್ನು ನಾನು ಬಿಡುವುದಿಲ್ಲ." ಅಬ್ಬ, ನನಗೆ ಹೋದ ಜೀವ ಬಂತು! ಮೀನಿನ ನೀರು ತಾಗಿದರೆ ತಾಗಲಿ ಎಂದು ಅತ್ತೆಯನ್ನು ಅಪ್ಪಿಕೊಂಡುಬಿಟ್ಟೆ.

ಅಷ್ಟರಲ್ಲಿ ಗುರುತಿಲ್ಲದ ನಂಬರಿನಿಂದ ಫೋನ್ ಬಂತು. ಸ್ಪೀಕರಿಗೆ ಹಾಕಿದೆ. ಹೆಂಗಸಿನ ದನಿ. "ಅಕ್ಕಾ, ನಿಮ್ಮ್ ಮಾತ್ ಬೈಂದೂರ್ ತನಕ ಬಂದಿತ್ತ್. ನಾನ್ ಟೆಂಪೊದವ್ರ ಹೆಂಡ್ತಿ."

ಅತ್ತೆ ನನ್ನ ಹಿಂದೆ ಸರಿದರು. ಜಗಳಕ್ಕೇ ಬಂದಳು ಎಂದು ನಾನು ಸೆರಗು ಸಿಕ್ಕಿಸಿ ತಯಾರಾದೆ.

"ನಾನ್ ಅದನ್ ತಿಂತಿಲ್ಲೆ ಅಂದೇಳಿ ನಿಮ್ಗ್ ಯಾರ್ ಹೇಳದ್ದ್?" ಎಂದು ಜೋರಾಗಿಯೇ ಕೇಳಿದಳು. ಆಮೇಲೆ ದನಿ ತಗ್ಗಿಸಿದಳು. "ಅದ್ ಇರ್ಲಿ. ನಾಳಿಂದ ನಮ್ಗೂ ಅರ್ಧ ಕೆಜಿ ಇಡಿ. ಇವ್ರ್ ಟೆಂಪೊ ತಕಂಡ್ ಹೋದ್ಮೇಲೆ ತಂದ್ ಕೊಡಿ."